ಏಳನೆಯ ಬಟ್ಟಲಿನ ಹಳದಿ

ತಿಕೋಟಾದ ರಾಯಪ್ಪ ಒಣದ್ರಾಕ್ಷಿ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ತೂಕ ಹಿಡಿದವನು. ಎದುರಿಗೆ ನಿಂತವರು ದೊಡ್ಡ ತೋಟದವರಿರಲಿ, ಬಡಪಾಯಿ ಇರಲಿ, ಅವನ ಕೈಯಲ್ಲಿ ಒಂದು ಹಣ್ಣು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆದರೆ ತನ್ನ ಓಣಿಯವರು, ಅಂದರೆ ಬುದ್ಧವಿಹಾರದ ಸುತ್ತಲಿನ ಮನೆಗಳವರು, ಯಾರಾದರೂ ಬಂದರೆ ಮಾತ್ರ ತೂಕವನ್ನು ಚೂರು ಬಿಗಿ ಹಿಡಿಯುತ್ತಿದ್ದ. ಅವರ ಪಾಲಿಗೆ ಒಂದು ಹಿಡಿ ಕಡಿಮೆಯೇ ಬೀಳುತ್ತಿತ್ತು. ‘ನಮ್ಮವರಿಗಿ ಸಡಿಲ ಬಿಟ್ಟಾನ ಅಂತ ಒಂದ ಮಾತ ಬಂದ್ರ ಮುಗೀತು. ಈ ತಕ್ಕಡಿ ಮುಂದ ನಮ್ಮವರು ಮತ್ತ ಯಾರೂ ನಿಂದ್ರಂಗಿಲ್ಲ’ ಎನ್ನುತ್ತಿದ್ದ. ಈ ಮಾತನ್ನು ಮಗಳು ಮಾಲಾ ರೊಟ್ಟಿಯ ಜೊತೆಗೇ ಉಂಡು ಬೆಳೆದಳು.

ಮಾಲಾಗೆ ಈಗ ನಲವತ್ತು. ವಿಜಯಪುರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಾಳೆ. ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ. ಗಂಡ ಪರಮೇಶ್ವರ ಅಂಚೆ ಕಚೇರಿಯಲ್ಲಿ ಗುಮಾಸ್ತ, ಮಾತು ಕಡಿಮೆ. ಕಾಲೇಜಿನಲ್ಲಿ ಮಾಲಾ ಮೇಡಂ ಎಂದರೆ ನಿಷ್ಠುರ ಎಂದೇ ಹೆಸರು. ತಂಗಿಯ ಮೈದುನ ಅವಳದೇ ತರಗತಿಯಲ್ಲಿದ್ದಾಗ ಅವನ ಉತ್ತರ ಪತ್ರಿಕೆಯನ್ನು ಎರಡು ಸಲ ತಿದ್ದಿದಳು. ಬೇರೆಯವರಿಗಾದರೆ ಬಿಟ್ಟುಬಿಡಬಹುದಾಗಿದ್ದ ಒಂದು ಅಂಕವನ್ನು ಎರಡನೆಯ ಸಲ ಕಡಿದಳು. ಅವನು ಫೇಲಾದ. ತಂಗಿ ಆರು ತಿಂಗಳು ಫೋನು ಎತ್ತಲಿಲ್ಲ. ಅಪ್ಪ ಮಾತ್ರ ‘ಭೇಷ್’ ಅಂದ. ಅಪ್ಪ ಭೇಷ್ ಅಂದರೆ ಮಾಲಾಗೆ ಆ ದಿನ ಊಟವೂ ಬೇಡ.

ಇಂಥ ಮಾಲಾ ನಾಲ್ಕು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದಾಳೆ. ವಿಷಯಕ್ಕೆ ಕಂಪ್ರೆಸಿವ್ ಸೆನ್ಸಿಂಗ್ ಎಂಬ ಭಾರೀ ಹೆಸರಿದೆ, ಹೆದರಬೇಕಿಲ್ಲ. ಸಾಲಾಗಿ ನೂರು ಕೊಡ ನೀರು ಇಟ್ಟಿದ್ದಾರೆ, ಅದರಲ್ಲಿ ಮೂರಕ್ಕೆ ಮಾತ್ರ ಉಪ್ಪು ಬಿದ್ದಿದೆ ಎನ್ನಿ. ನೂರನ್ನೂ ಒಂದೊಂದಾಗಿ ಕುಡಿದು ನೋಡುವವನಿಗೆ ಸಂಜೆಯಾಗುತ್ತದೆ. ಅದರ ಬದಲು ಹತ್ತಾರು ಕೊಡಗಳಿಂದ ತುಸು ತುಸು ನೀರು ತೆಗೆದು ಒಂದು ಲೋಟಕ್ಕೆ, ಇನ್ನು ಹತ್ತಾರು ಕೊಡಗಳಿಂದ ಇನ್ನೊಂದು ಲೋಟಕ್ಕೆ, ಹೀಗೆ ಬೆರೆಸಿ ಬೆರೆಸಿ ಇಪ್ಪತ್ತು ಲೋಟ ರುಚಿ ನೋಡಿ, ಯಾವ ಮೂರು ಕೊಡ ಎಂದು ಲೆಕ್ಕ ಹಾಕಿ ಹೇಳುವುದೇ ಈ ವಿದ್ಯೆ. ಆ ಲೆಕ್ಕ ಹಾಕುವುದಕ್ಕೆ ಹಲವು ದಾರಿಗಳಿವೆ. ಅದರಲ್ಲಿ ಒಂದು ಪಂಗಡಕ್ಕೆ ಗ್ರೀಡಿ ಅಲ್ಗಾರಿದಮ್ ಎನ್ನುತ್ತಾರೆ, ಆಸೆಬುರುಕ ಪದ್ಧತಿ. ಅದು ಎಲ್ಲವನ್ನೂ ಕೂತು ತೂಗಿ ನೋಡುವುದಿಲ್ಲ. ಈಗ ಯಾವುದು ಕಣ್ಣಿಗೆ ದೊಡ್ಡದಾಗಿ ಕಾಣುತ್ತದೋ ಅದನ್ನು ಬಾಚಿಕೊಳ್ಳುತ್ತದೆ, ಆಮೇಲೆ ಉಳಿದದ್ದರಲ್ಲಿ ದೊಡ್ಡದನ್ನು. ಮಾಲಾಳ ಕೆಲಸ ಇಂಥ ಐದು ಪದ್ಧತಿಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಮೇಲೆಂದು ಹೇಳುವುದು.

ಐದರಲ್ಲಿ ಅವಳಿಗೆ ಓಎಂಪಿ ಎಂಬುದರ ಮೇಲೆ ಪ್ರೀತಿ. ಅದು ಸರಳ, ಚುರುಕು, ಮತ್ತು ಒಮ್ಮೆ ಒಂದು ಕೊಡದ ಹೆಸರು ಹಿಡಿಯಿತೆಂದರೆ ಬಿಡುವುದಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಇನ್ನೊಂದು ಪದ್ಧತಿ, ಸಬ್‌ಸ್ಪೇಸ್ ಪರ್ಸ್ಯೂಟ್ ಎಂಬುದು, ಮೂರು ಹೆಸರು ಹಿಡಿದ ಮೇಲೂ ಸುಮ್ಮನಿರದೆ ಮತ್ತೆ ಮೂರನ್ನು ಕರೆದು, ಆರನ್ನೂ ಒಟ್ಟಿಗೆ ತೂಗಿ, ಹಗುರಾದವರನ್ನು ‘ನೀವು ಹೋಗಿರಿ’ ಎಂದು ಬಿಟ್ಟುಕೊಡುತ್ತದೆ. ಮಾಲಾಗೆ ಅದು ಗಳಿಗೆಗೊಂದು ಮಾತಾಡುವವರ ಹಾಗೆ ಕಾಣುತ್ತಿತ್ತು. ಕಂಪ್ಯೂಟರಿನಲ್ಲಿ ಸಾವಿರ ಸಲ ಓಡಿಸಿ ನೋಡಿದಾಗ ಓಎಂಪಿ ತಪ್ಪಿದ್ದು ನೂರಕ್ಕೆ ನಾಲ್ಕು ಸಲ. ನಾಲ್ಕು ಏನು ಮಹಾ, ಅಂದುಕೊಂಡಳು.

‘ಕಂಪ್ಯೂಟರದಾಗ ಹುಟ್ಟಿಸಿದ ಲೆಕ್ಕ ಕಂಪ್ಯೂಟರದಾಗ ಸಾಯತೈತಿ, ಮಾಲಾ ಅವರ. ಊರಾಗಿಂದ ಏನಾರ ತಗೊಂಡ ಬರ್ರಿ’ ಎಂದರು ಅವಳ ಗೈಡ್ ಕುತುಬುದ್ದೀನ ಸರ್.

ಊರಿನಿಂದ ಅಂಥದೊಂದು ಲೆಕ್ಕ ತಂದುಕೊಟ್ಟವಳು ಚಂದ್ರಾಬಾಯಿ.

ಚಂದ್ರಾಬಾಯಿಯ ತವರು ತಿಕೋಟಾ, ರಾಯಪ್ಪನ ಮನೆಯ ಹಿಂದಿನ ಸಾಲು. ಮಾಲಾ ಅವಳನ್ನು ಅತ್ತಿ ಎಂದೇ ಕರೆಯುವುದು. ಕೊಟ್ಟಿದ್ದು ಬಬಲೇಶ್ವರದ ಆಚೆಯ ಒಂದು ವಸ್ತಿಗೆ. ಗಂಡ ತೀರಿ ಒಂಬತ್ತು ವರ್ಷ. ಒಂದು ಎಮ್ಮೆ ಮತ್ತು ಎರಡು ಕೈಗಳ ಮೇಲೆ ಸಂಸಾರ ನಡೆಸಿದವಳು. ಆ ವಸ್ತಿಯಲ್ಲಿ ಮಲ್ಲಿನಾಥ ಎಂಬವನ ಹಾಲಿನ ಕೇಂದ್ರವಿದೆ. ಚಂದ್ರಾಬಾಯಿಯ ಓಣಿಯ ಹಾಲನ್ನು ಅಲ್ಲಿ ಮುಂಚೆ ತೆಗೆದುಕೊಳ್ಳುತ್ತಿರಲಿಲ್ಲ. ಬೇಡ ಅಂತಲೂ ಹೇಳುತ್ತಿರಲಿಲ್ಲ. ‘ಕ್ಯಾನ ತುಂಬೇತಿ’, ‘ನಾಳಿ ನೋಡೂಣು’ ಇಂಥ ಮಾತು. ಚಂದ್ರಾಬಾಯಿ ಒಂದು ತಿಂಗಳು ದಿನಾ ಬೆಳಿಗ್ಗೆ ಹಾಲು ಹೊತ್ತು ಬಂದು ಬಾಗಿಲಲ್ಲಿ ನಿಂತು, ತುಂಬಿದ ಕ್ಯಾನನ್ನೇ ವಾಪಸು ಒಯ್ದಳು. ಕೊನೆಗೆ ಮಲ್ಲಿನಾಥನಿಗೇ ನಾಚಿಕೆಯಾಗಿ ಅವಳ ಹೆಸರು ಬರೆದುಕೊಂಡ. ಅದಾಗಿ ಎರಡು ವರ್ಷ. ಅವಳ ನಂತರ ಆ ಓಣಿಯ ಇನ್ನೂ ಮೂರು ಮನೆಯವರು ಸೇರಿದರು.

ಹೋದ ಜನವರಿಯಲ್ಲಿ ಆ ಕೇಂದ್ರದ ಹಾಲು ಎರಡು ಸಲ ಡೇರಿಯಿಂದ ತಿರುಗಿ ಬಂತು. ಯಾರೋ ನೀರು ಬೆರೆಸಿ, ಅದು ಗೊತ್ತಾಗದಿರಲೆಂದು ಯೂರಿಯಾ ಹಾಕುತ್ತಿದ್ದಾರೆ ಎಂದರು. ಇಪ್ಪತ್ತನಾಲ್ಕು ಮನೆಯವರು ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡತೊಡಗಿದರು. ಆಗ ಚಂದ್ರಾಬಾಯಿ ತಾನಾಗಿ ಮುಂದೆ ಬಂದು, ‘ನಮ್ಮ ಹುಡುಗಿ ಒಬ್ಬಾಕಿ ಅದಾಳ, ಕಾಲೇಜಿನಾಗ ಕಲಸ್ತಾಳ. ಇದನ್ನ ಹುಡುಕೂ ಲೆಕ್ಕ ಅಕಿ ಕಡೆ ಐತಿ’ ಎಂದಳು.

ಮಾಲಾ ಒಂದು ಗುರುವಾರ ಬೆಳಿಗ್ಗೆ ಆರಕ್ಕೆ ಲ್ಯಾಪ್‌ಟಾಪು, ಬಟ್ಟಲು, ಔಷಧದ ಬಾಟಲಿ ಹಿಡಿದು ಹೋದಳು. ಆ ಔಷಧ ಹಾಕಿದರೆ ಯೂರಿಯಾ ಇದ್ದ ಹಾಲು ಹಳದಿಯಾಗುತ್ತದೆ. ಎಷ್ಟು ಹೆಚ್ಚು ಯೂರಿಯಾವೋ ಅಷ್ಟು ಗಾಢ ಹಳದಿ. ಒಂದು ಬಟ್ಟಲು ನೋಡಲು ಐದು ನಿಮಿಷ. ಇಪ್ಪತ್ತನಾಲ್ಕು ಬಟ್ಟಲಿಗೆ ಎರಡು ತಾಸು ಬೇಕು, ಡೇರಿಯ ಟ್ಯಾಂಕರು ಅಷ್ಟು ಹೊತ್ತು ನಿಲ್ಲುವುದಿಲ್ಲ. ಮಾಲಾ ಇಟ್ಟದ್ದು ಒಂಬತ್ತೇ ಬಟ್ಟಲು. ಒಬ್ಬೊಬ್ಬರ ಹಾಲನ್ನೂ ಮೂರು ಮೂರು ಬಟ್ಟಲಿಗೆ ತುಸು ತುಸು ಹಂಚಿದಳು, ಯಾರ ಹಾಲು ಯಾವ ಯಾವ ಬಟ್ಟಲಿಗೆ ಎಂಬುದು ಲ್ಯಾಪ್‌ಟಾಪಿನಲ್ಲಿತ್ತು. ‘ಎಷ್ಟ ಮಂದಿ ಇರಬಹುದು?’ ಎಂದು ಕೇಳಿದ್ದಕ್ಕೆ ಮಲ್ಲಿನಾಥ, ‘ಮೂರ ಮಂದಿ ಇರಬಹುದ್ರಿ, ಭಾಳಂದ್ರ’ ಎಂದ. ಮೂರು ಎಂದು ಲೆಕ್ಕಕ್ಕೆ ಹೇಳಿಟ್ಟಳು. ಚಂದ್ರಾಬಾಯಿ ಹಾಲು ಹಾಕಿ, ಎಲ್ಲರ ಮುಂದೆ ‘ನಮ್ಮ ಮಾಲಾ’ ಎಂದು ಎರಡು ಸಲ ಹೇಳಿ, ಕ್ಯಾನನ್ನು ಅಲ್ಲೇ ಬಿಟ್ಟು ಉಳ್ಳಾಗಡ್ಡಿ ಕೀಳುವ ಕೂಲಿಗೆ ಹೋದಳು.

ಓಎಂಪಿ ಲೆಕ್ಕ ಮೊದಲು ಹಿಡಿದ ಹೆಸರೇ ಚಂದ್ರಾಬಾಯಿ. ಆಮೇಲೆ ರೇಣುಕಾ, ಆಮೇಲೆ ಮಲ್ಲಿಕಸಾಬ.

ಮಾಲಾ ಆ ಪಟ್ಟಿಯನ್ನು ಸ್ವಲ್ಪ ಹೊತ್ತು ನೋಡಿದಳು. ಒಂದು ವಿಷಯ ಕಣ್ಣಿಗೆ ಚುಚ್ಚಿತು. ಏಳನೆಯ ಬಟ್ಟಲು ಹಳದಿಯಾಗಿತ್ತು, ಆದರೆ ಈ ಮೂವರಲ್ಲಿ ಒಬ್ಬರ ಹಾಲೂ ಏಳನೆಯ ಬಟ್ಟಲಿಗೆ ಬಿದ್ದಿರಲಿಲ್ಲ. ಅದು ಯಾರ ಹಳದಿ? ಬೆಳಕಿನ ದೋಷವಿರಬಹುದು, ಬಟ್ಟಲು ಸರಿಯಾಗಿ ತೊಳೆದಿರಲಿಕ್ಕಿಲ್ಲ, ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತಿರುವಾಗ ಮಲ್ಲಿನಾಥ ಬಗ್ಗಿ ಪರದೆಯ ಮೇಲಿನ ಹೆಸರು ಓದಿಬಿಟ್ಟ.

‘ಮೇಡಂ, ಚಂದ್ರಾಬಾಯಿ ನಿಮ್ಮ ಪೈಕಿ ಅಲ್ಲೇನ್ರಿ? ಬೇಕಂದ್ರ ಅಕಿ ಹಾಲಷ್ಟ ಬ್ಯಾರೆ ಬಟ್ಟಲದಾಗ ಹಾಕಿ ಮತ್ತೊಮ್ಮೆ ನೋಡ್ರಿ. ನಾವೇನ ಅನ್ನಂಗಿಲ್ಲ.’

ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾವೇನೂ ಅನ್ನುವುದಿಲ್ಲ ಎಂದು ಮೊದಲೇ ಹೇಳುವವರು ಏನು ಅನ್ನುತ್ತಾರೆಂದು ಮಾಲಾಗೆ ಚೆನ್ನಾಗಿ ಗೊತ್ತು. ನಲವತ್ತು ವರ್ಷ ಅದನ್ನೇ ಕೇಳಿದ್ದಾಳೆ.

‘ಬ್ಯಾಡ್ರಿ. ಎಲ್ಲಾರಿಗಿ ಯಾವ ಲೆಕ್ಕನೋ ಅಕಿಗೂ ಅದ ಲೆಕ್ಕ’ ಎಂದಳು.

ಎಂಥ ಮಾತು! ಕೇಳಿದವರಿಗೆಲ್ಲ ಮೆಚ್ಚುಗೆಯಾಯಿತು. ಮಾಲಾಗೂ ಮೆಚ್ಚುಗೆಯಾಯಿತು, ಅದನ್ನು ಮುಚ್ಚಿಡುವುದೇಕೆ. ರೇಣುಕಾ ಅಲ್ಲಿಯೇ ಇದ್ದಳು. ಹೆಸರು ಕೇಳಿದ್ದೇ ‘ನಾ ಅಲ್ರಿ, ನಮ್ಮತ್ತಿ ಹಾಕತಾಳ್ರಿ’ ಎಂದು ಅತ್ತುಬಿಟ್ಟಳು. ಮಲ್ಲಿಕಸಾಬ ತಲೆ ತಗ್ಗಿಸಿದ. ಇಬ್ಬರು ಒಪ್ಪಿದ ಮೇಲೆ ಮೂರನೆಯವಳು ತಪ್ಪಿಸಿಕೊಳ್ಳಲಾದೀತೆ? ಲೆಕ್ಕದ ಮೇಲೆ ಎಲ್ಲರಿಗೂ ನಂಬಿಕೆ ಕೂತಿತು.

ಆ ಕೇಂದ್ರದಲ್ಲಿ ಒಂದು ಪದ್ಧತಿ ಇದೆ. ಹಾಲು ಬೆರಕೆ ಎಂದು ಗೊತ್ತಾದವರ ಕ್ಯಾನನ್ನು ತೊಳೆದು ಬಾಗಿಲ ಪಕ್ಕದ ಕಟ್ಟೆಯ ಮೇಲೆ ಬೋರಲು ಇಡುತ್ತಾರೆ. ಎಂಟು ದಿನ ಹೋಗಿ ಬರುವವರೆಲ್ಲ ನೋಡಬೇಕು. ಆಮೇಲೆ ತಪ್ಪು ಮಾಡಿದವರು ಎಲ್ಲರ ಮುಂದೆ ಕಾಯಿ ಒಡೆದು ‘ತಪ್ಪಾತು’ ಎಂದರೆ ಕ್ಯಾನು ಎತ್ತಿಕೊಳ್ಳಬಹುದು, ಮತ್ತೆ ಹಾಲು ಹಾಕಬಹುದು. ಬೋರಲು ಇಡುವ ಕೆಲಸ ಕೇಂದ್ರದ ಹಿರಿಯನದು. ಹಿರಿಯ ಎಂದರೆ ಸಿದ್ದರಾಯ, ಇಪ್ಪತ್ತು ಕುರಿ, ನಾಲ್ಕು ಎಮ್ಮೆಯ ಧಣಿ, ಅರವತ್ತು ದಾಟಿದವನು, ಅವನ ಮಾತಿಗೆ ಆ ವಸ್ತಿಯಲ್ಲಿ ಎದುರಿಲ್ಲ. ಅವನು ಮೂರು ಕ್ಯಾನುಗಳನ್ನೂ ಒಂದೊಂದಾಗಿ ಕಟ್ಟೆಯ ಮೇಲೆ ಬೋರಲು ಹಾಕಿ, ಕೈ ತೊಳೆದುಕೊಂಡ. ಚಂದ್ರಾಬಾಯಿ ಮಧ್ಯಾಹ್ನ ಕೂಲಿಯಿಂದ ಬರುವಾಗ ನೋಡಿದ್ದು ಅದನ್ನೇ.

ಸಂಜೆ ಅವಳ ಫೋನು ಬಂತು. ‘ಮಾಲಾ, ನಾ ಹಾಕಿಲ್ಲ ಬೇ.’

ಮಾಲಾ ಸಿದ್ಧಳಾಗಿಯೇ ಇದ್ದಳು. ‘ಅತ್ತಿ, ಎಂಟ ದಿನದ ಮಾತು. ತಪ್ಪಾತು ಅಂತ ಒಂದ ಮಾತ ಅಂದ ಬಿಡ್ರಿ, ಮುಗೀತು’ ಎಂದಳು. ಸಮಾಧಾನದ ದನಿಯಲ್ಲೇ ಹೇಳಿದಳು. ಅತ್ತ ಕಡೆ ಫೋನು ಇಟ್ಟ ಸದ್ದಾಯಿತು.

ಎಂಟು ದಿನಕ್ಕೆ ರೇಣುಕಾಳ ಮನೆಯವರೂ ಮಲ್ಲಿಕಸಾಬನೂ ಕಾಯಿ ಒಡೆದು ಕ್ಯಾನು ಎತ್ತಿಕೊಂಡರು. ಚಂದ್ರಾಬಾಯಿ ಎತ್ತಿಕೊಳ್ಳಲಿಲ್ಲ. ‘ಹಾಕಲಾರದ್ದಕ್ಕ ತಪ್ಪಾತು ಹೆಂಗನ್ನಲಿ’ ಎಂದಳಂತೆ. ಕಳ್ಳತನ ಮಾಡಿದವರು ಒಳಗೆ ಬಂದರು, ಮಾಡದವಳು ಹೊರಗೆ ಉಳಿದಳು. ಅವಳ ಹಿಂದೆ ಸೇರಿದ್ದ ಮೂರು ಮನೆಯವರೂ ಒಬ್ಬೊಬ್ಬರಾಗಿ ಹಾಲು ಹಾಕುವುದು ಬಿಟ್ಟರು; ಅವರಿಗೆ ಯಾರೂ ಬೇಡ ಅನ್ನಲಿಲ್ಲ, ಕ್ಯಾನು ಇಳಿಸಿದ ಕೂಡಲೇ ಎಲ್ಲರೂ ಅವರ ಹಾಲನ್ನೇ ಬಗ್ಗಿ ನೋಡುತ್ತಿದ್ದರು, ಅಷ್ಟೇ. ಮಾರ್ಚಿನಲ್ಲಿ ಚಂದ್ರಾಬಾಯಿ ಎಮ್ಮೆಯನ್ನು ಕನಮಡಿ ಊರಿನವರಿಗೆ ಮಾರಿಬಿಟ್ಟಳು. ಏಪ್ರಿಲಿನಲ್ಲಿ ತಿಕೋಟಾದ ವಿಹಾರದಲ್ಲಿ ಕಾರ್ಯಕ್ರಮವಿದ್ದಾಗ ಮಾಲಾ ಅವಳನ್ನು ನೋಡಿದಳು. ಚಂದ್ರಾಬಾಯಿ ಎದ್ದು ಬೇರೆ ಕಡೆ ಹೋಗಿ ಕೂತಳು. ತಪ್ಪು ಮಾಡಿದವರಿಗೆ ಸಿಟ್ಟು ಜಾಸ್ತಿ ಎಂದು ಮಾಲಾ ಮನಸ್ಸಿನಲ್ಲೇ ಅಂದುಕೊಂಡಳು. ಇಂದಿಗೂ ಆ ಅಂದುಕೊಂಡ ಮಾತು ನೆನಪಾದರೆ ಅವಳಿಗೆ ಎದೆಯಲ್ಲಿ ಮುಳ್ಳಾಡಿಸಿದಂತಾಗುತ್ತದೆ.

ಮೇ ತಿಂಗಳ ರಜೆ. ಮಾಲಾ ಕೊನೆಯ ಅಧ್ಯಾಯಕ್ಕೆ ಕೂತಿದ್ದಳು. ಕೇಂದ್ರದಲ್ಲಿ ಆ ದಿನ ಬರೆದುಕೊಂಡ ಒಂಬತ್ತು ಬಟ್ಟಲುಗಳ ಹಳದಿಯನ್ನು ಐದೂ ಪದ್ಧತಿಗಳಿಗೆ ಕೊಟ್ಟು, ಐದರ ಉತ್ತರಗಳನ್ನು ಒಂದೇ ಪುಟದಲ್ಲಿ ಹಾಕಬೇಕಿತ್ತು. ಓಎಂಪಿ ಹಳೆಯ ಮೂರು ಹೆಸರನ್ನೇ ಹೇಳಿತು. ಉಳಿದ ನಾಲ್ಕೂ ಬೇರೆ ಮೂರು ಹೆಸರು ಹೇಳಿದವು: ರೇಣುಕಾ, ಮಲ್ಲಿಕಸಾಬ, ಸಿದ್ದರಾಯ. ಚಂದ್ರಾಬಾಯಿಯ ಎದುರಿಗೆ ನಾಲ್ಕೂ ಕಡೆ ಸೊನ್ನೆ.

ಬರೆದದ್ದರಲ್ಲೇ ತಪ್ಪಿರಬೇಕು ಎಂದು ಮತ್ತೆ ಓಡಿಸಿದಳು. ಮತ್ತೆ ಸೊನ್ನೆ. ಕಂಪ್ಯೂಟರು ಮುಚ್ಚಿ, ಒಂದು ಹಾಳೆ ತೆಗೆದುಕೊಂಡು, ಚಿಕ್ಕ ಮಕ್ಕಳ ಹಾಗೆ ಒಂಬತ್ತು ಬಟ್ಟಲು ಬರೆದು ಒಂದೊಂದರ ಕೆಳಗೆ ಹೆಸರು ಬರೆಯುತ್ತ ಹೋದಳು. ಆಗ ಕಂಡಿತು. ಚಂದ್ರಾಬಾಯಿಯ ಹಾಲು ಬಿದ್ದದ್ದು ಎರಡು, ಐದು, ಒಂಬತ್ತನೆಯ ಬಟ್ಟಲಿಗೆ. ಎರಡರಲ್ಲಿ ರೇಣುಕಾ ಮತ್ತು ಸಿದ್ದರಾಯ. ಐದರಲ್ಲಿ ರೇಣುಕಾ ಮತ್ತು ಮಲ್ಲಿಕಸಾಬ. ಒಂಬತ್ತರಲ್ಲಿ ಮಲ್ಲಿಕಸಾಬ ಮತ್ತು ಸಿದ್ದರಾಯ. ಅವಳ ಹಾಲು ಎಲ್ಲೆಲ್ಲಿ ಬಿತ್ತೋ ಅಲ್ಲೆಲ್ಲ ಇಬ್ಬಿಬ್ಬರು ಕಳ್ಳರ ಹಾಲು ಬಿದ್ದಿತ್ತು. ಆ ಮೂರೂ ಬಟ್ಟಲು ಎಲ್ಲಕ್ಕಿಂತ ಗಾಢ ಹಳದಿ, ಆ ಮೂರರಲ್ಲೂ ಇದ್ದವಳು ಅವಳೊಬ್ಬಳೇ. ಓಎಂಪಿಯ ಆಸೆಬುರುಕ ಲೆಕ್ಕ ಮೊದಲ ನೋಟಕ್ಕೇ ಅವಳನ್ನು ಹಿಡಿಯಿತು, ಹಿಡಿದದ್ದನ್ನು ಬಿಡಲಿಲ್ಲ, ಮೂರು ಹೆಸರಾದ ಕೂಡಲೇ ನಿಂತಿತು. ಏಳನೆಯ ಬಟ್ಟಲಿನ ಹಳದಿ ಸಿದ್ದರಾಯನ ಹಾಲಿನದು.

ಮಾಲಾ ಆ ಹೆಸರಿನ ಕೆಳಗೆ ಗೆರೆ ಎಳೆದಳು. ಲೆಕ್ಕವನ್ನು ಬೈಯಲು ನೋಡಿದಳು, ಆಗಲಿಲ್ಲ. ಲೆಕ್ಕ ತನ್ನ ಸ್ವಭಾವದಂತೆ ನಡೆದುಕೊಂಡಿತ್ತು, ಅದರ ಸ್ವಭಾವ ಅವಳಿಗೆ ನಾಲ್ಕು ವರ್ಷದಿಂದ ಗೊತ್ತಿತ್ತು. ಏಳನೆಯ ಬಟ್ಟಲು ಕಣ್ಣೆದುರಿಗೇ ಹಳದಿಯಾಗಿ ಕೂತಿತ್ತು. ಆ ಹೊತ್ತಿನಲ್ಲಿ ಅವಳು ನೋಡಿದ್ದು ಬಟ್ಟಲನ್ನಲ್ಲ, ಹಿಂದೆ ನಿಂತು ನಕ್ಕವರನ್ನು.

ಮರುದಿನ ಕುತುಬುದ್ದೀನ ಸರ್‌ಗೆ ಹೇಳಿದಳು. ಅವರು ಒಳ್ಳೆಯ ಮನುಷ್ಯ, ಆದರೆ ಹಾಳೆಯನ್ನು ನೋಡಿದ ಕೂಡಲೇ ಅವರ ಮುಖ ಅರಳಿತು.

‘ಅರೆ, ಭಾಳ ಛಲೋ ಆತಲ್ರಿ! ಓಎಂಪಿ ಎಲ್ಲಿ ತಪ್ಪತೈತಿ ಅನ್ನೂದಕ್ಕ ಇದಕ್ಕಿಂತ ಚಂದ ಉದಾಹರಣಿ ಸಿಗಂಗಿಲ್ಲ. ಅಧ್ಯಾಯಕ್ಕ ಜೀವ ಬಂತು ನೋಡ್ರಿ.’

‘ಸರ್, ಒಬ್ಬ ಹೆಣ್ಮಗಳ ಮಾನ ಹೋಗೇತ್ರಿ.’

ಅವರ ಮುಖ ಇಳಿಯಿತು. ಕನ್ನಡಕ ತೆಗೆದು ಒರೆಸಿದರು. ‘ಹಂಗಾರ ಅಲ್ಲಿ ಹೋಗಿ ಹೇಳಬೇಕಾಗತೈತಿ’ ಎಂದರು. ಅದು ಮಾಲಾಗೂ ಗೊತ್ತಿತ್ತು, ಗೊತ್ತಿದ್ದರೂ ಬೇರೆಯವರ ಬಾಯಿಂದ ಕೇಳಿಸಿಕೊಳ್ಳಬೇಕಿತ್ತು.

ಮೊದಲು ತಿಕೋಟಾಕ್ಕೆ ಹೋದಳು. ರಾಯಪ್ಪ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತಿದ್ದ. ಎಲ್ಲವನ್ನೂ ಕೇಳಿದ. ಭೇಷ್ ಅನ್ನಲೂ ಇಲ್ಲ, ಬೈಯಲೂ ಇಲ್ಲ. ಅವನು ಮಾತೆತ್ತಿದ್ದು ತನ್ನ ತಕ್ಕಡಿಯ ಬಗ್ಗೆ.

‘ನಾ ನಿನಗ ಒಂದ ಮಾತ ಹೇಳಿಲ್ಲ. ಕಡೀ ಐದಾರು ವರ್ಷ ನಮ್ಮ ಓಣಿಯವರು ನನ್ನ ತಕ್ಕಡಿಗಿ ಬರೂದ ಬಿಟ್ಟಿದ್ರು. ಅತ್ತ ಕಡೆ ಬ್ಯಾರೆ ಶೆಡ್ಡಿಗಿ ಹೊತಗೊಂಡ ಹೋಗತಿದ್ರು, ಮೂರ ಮೈಲಿ. ಯಾಕ್ರೋ ಅಂದ್ರ, ಅಲ್ಲಿ ಮಂದಿ ಮೋಸ ಮಾಡಿದ್ರೂ ಎಲ್ಲಾರಿಗಿ ಮಾಡ್ತಾರ, ನೀ ನಮಗಷ್ಟ ಮಾಡ್ತಿ ಅಂದ್ರು.’

‘ಮತ್ತ ನನಗ ಯಾಕ ಹೇಳಲಿಲ್ಲಪ್ಪಾ?’

‘ನೀ ನನ್ನ ಭಾಳ ದೊಡ್ಡಾವ ಅಂತ ತಿಳಕೊಂಡಿದ್ದಿ’ ಎಂದ ರಾಯಪ್ಪ. ಎಪ್ಪತ್ತು ದಾಟಿದ ಅಪ್ಪ ಹೀಗೆ ತಲೆ ತಗ್ಗಿಸಿ ಕೂತದ್ದನ್ನು ಮಾಲಾ ಮೊದಲ ಸಲ ನೋಡಿದಳು. ಅವಳಿಗೆ ಅಲ್ಲಿ ಕೂರಲಾಗಲಿಲ್ಲ.

ಮರುದಿನ ಬೆಳಿಗ್ಗೆ ಗಂಡನನ್ನು ಎಬ್ಬಿಸಿ ಸ್ಕೂಟರಿನಲ್ಲಿ ವಸ್ತಿಗೆ ಕರೆದುಕೊಂಡು ಹೋದಳು. ಮೊದಲು ಚಂದ್ರಾಬಾಯಿಯ ಮನೆಗೆ ಹೋಗಬೇಕಿತ್ತು, ಧೈರ್ಯ ಬರಲಿಲ್ಲ. ಕೇಂದ್ರದಲ್ಲಿ ಎಲ್ಲ ಸರಿಪಡಿಸಿ, ಕ್ಯಾನು ಕೈಯಲ್ಲಿ ಹಿಡಿದುಕೊಂಡೇ ಹೋದರಾಯಿತು ಎಂದು ಲೆಕ್ಕ ಹಾಕಿದ್ದಳು. ಹಾಲು ಹಾಕುವವರು ಸಾಲಾಗಿ ನಿಂತಿದ್ದರು. ಕಟ್ಟೆಯ ಮೇಲೆ ಒಂದೇ ಕ್ಯಾನು ಬೋರಲು ಬಿದ್ದಿತ್ತು, ಅದರ ಮೇಲೆ ನಾಲ್ಕು ತಿಂಗಳ ಧೂಳು.

‘ಎಲ್ಲಾರೂ ಒಂದೀಟ ಕೇಳ್ರಿ. ಅವತ್ತ ನಾ ಹೇಳಿದ ಹೆಸರಾಗ ಒಂದ ತಪ್ಪ ಇತ್ತು. ಚಂದ್ರಾಬಾಯಿ ಅವರ ಹಾಲಿನಾಗ ಏನೂ ಇರಲಿಲ್ಲ. ಲೆಕ್ಕ ತಪ್ಪಿದ್ದು ನಂದು’ ಎಂದಳು ಮಾಲಾ.

ಸಾಲಿನಲ್ಲಿ ಗುಸುಗುಸು ಶುರುವಾಯಿತು. ಮಲ್ಲಿನಾಥ ಅಳತೆಯ ಮಾಪು ಕೆಳಗಿಟ್ಟ.

‘ಹಂಗಾರ ಮೂರನೇದಾವರು ಯಾರ್ರಿ ಮೇಡಂ?’

ಮಾಲಾ ಹೆಸರು ಹೇಳಿದಳು. ಎಲ್ಲರ ತಲೆಯೂ ಒಂದೇ ಕಡೆ ತಿರುಗಿತು. ಸಿದ್ದರಾಯ ಸಾಲಿನಲ್ಲೇ ಇದ್ದ, ಪಕ್ಕದಲ್ಲಿ ಹೆಂಡತಿ ಬೋರವ್ವ. ಅವನು ಸಿಟ್ಟಾಗಲಿಲ್ಲ. ರುಮಾಲು ಸರಿಪಡಿಸಿಕೊಂಡು ನಕ್ಕ.

‘ನೋಡ್ ಯವ್ವಾ, ನನ್ನ ಹಾಲು ಇಲ್ಲೇ ಐತಿ. ಈಗ ನೋಡು. ಬ್ಯಾರೆ ಬಟ್ಟಲದಾಗ ಹಾಕಿ ನೋಡು.’

ಔಷಧದ ಬಾಟಲಿ ಅವಳ ಚೀಲದಲ್ಲಿತ್ತು. ನೋಡಿದಳು. ಐದು ನಿಮಿಷ ಎಲ್ಲರೂ ಬಟ್ಟಲಿನ ಸುತ್ತ ಬಗ್ಗಿ ನಿಂತರು. ಹಾಲು ಬೆಳ್ಳಗೇ ಉಳಿಯಿತು. ಜನವರಿಯಲ್ಲಿ ಆದ ಗದ್ದಲದ ನಂತರ ಮೇ ತಿಂಗಳಲ್ಲಿ ಯಾವ ಜಾಣ ಯೂರಿಯಾ ಹಾಕುತ್ತಾನೆ? ಆದರೆ ಕಣ್ಣಿಗೆ ಕಂಡದ್ದಕ್ಕೆ ಎದುರಾಗಿ ಯಾರು ವಾದಿಸುತ್ತಾರೆ? ಬೋರವ್ವ ಮಾತ್ರ ಬಟ್ಟಲಿನ ಕಡೆ ನೋಡದೆ ನೆಲ ನೋಡುತ್ತಿದ್ದಳು. ಅದನ್ನು ಕಂಡವಳು ಮಾಲಾ ಒಬ್ಬಳೇ. ನೆಲ ನೋಡಿದ್ದು ಯಾವ ಪರೀಕ್ಷೆಯಲ್ಲೂ ಹಳದಿಯಾಗಿ ಬರುವುದಿಲ್ಲ.

‘ಅವತ್ತು ನಿಮ್ಮ ಮಾತ ನಂಬಿದ್ವಿ ಯಾಕಂದ್ರ, ನಿಮ್ಮವರ ಹೆಸರು ನೀವ ಹೇಳಿದ್ರಿ. ಸುಳ್ಳಿದ್ರ ಯಾರಾರ ತಮ್ಮವರ ಹೆಸರು ಹೇಳ್ತಾರನ್ರಿ? ಇವತ್ತ ನಿಮ್ಮವರನ್ನ ಬಿಡಸಾಕ ಬಂದೀರಿ. ತಪ್ಪ ತಿಳೀಬ್ಯಾಡ್ರಿ, ನಾಲ್ಕ ತಿಂಗಳು ಬಿಟ್ಟ ಬಂದೀರಿ’ ಎಂದ ಮಲ್ಲಿನಾಥ, ಮೆತ್ತಗೆ, ನಿಜಕ್ಕೂ ಮರ್ಯಾದೆಯಿಂದ. ‘ಕ್ಯಾನ ಬೇಕಂದ್ರ ತಗೊಂಡ ಹೋಗ್ರಿ. ನಮ್ಮದೇನ ಹಟ ಇಲ್ಲ. ಕಾಯಿ ಒಡಿಯೂದು ಬ್ಯಾಡ.’

ಸಾಲಿನಲ್ಲಿದ್ದವರು ಹೌದೌದು ಎಂದರು. ಅದು ದಯೆ. ದಯೆ ತೋರಿಸಿದರೆಂದರೆ ಚಂದ್ರಾಬಾಯಿ ತಪ್ಪು ಮಾಡಿದ್ದಳು ಎಂದೇ ಅರ್ಥ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂಬ ಗಾದೆಯನ್ನು ಮಾಲಾ ಎಷ್ಟು ಸಲ ಕೇಳಿಲ್ಲ. ಇಲ್ಲಿ ಹೋದದ್ದು ತನ್ನ ಮಾನವೂ ಅಲ್ಲ. ಕ್ಯಾನನ್ನು ಮುಟ್ಟಲು ಅವಳಿಗೆ ಮನಸ್ಸಾಗಲಿಲ್ಲ. ಪರಮೇಶ್ವರನನ್ನು ಅಲ್ಲಿಯೇ ಬಿಟ್ಟು ಒಬ್ಬಳೇ ಓಣಿಯ ಕಡೆ ನಡೆದಳು.

ಚಂದ್ರಾಬಾಯಿ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಎಮ್ಮೆ ಕಟ್ಟುತ್ತಿದ್ದ ಜಾಗ ಬಳಿದು ಸ್ವಚ್ಛವಾಗಿತ್ತು. ಮಾಲಾಳನ್ನು ನೋಡಿ ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಮಾಲಾ ಎದುರಿಗೆ ನೆಲದ ಮೇಲೆ ಕೂತು ಎಲ್ಲ ಹೇಳಿದಳು: ಬಟ್ಟಲುಗಳ ಬಗ್ಗೆ, ನಾಲ್ಕು ಸೊನ್ನೆಗಳ ಬಗ್ಗೆ, ಈಗ ಕೇಂದ್ರದಲ್ಲಿ ಆದದ್ದರ ಬಗ್ಗೆ. ಚಂದ್ರಾಬಾಯಿಯ ಕೈ ಮೊರದಲ್ಲಿ ಆಡುತ್ತಲೇ ಇತ್ತು.

‘ತಪ್ಪಾತು ಅತ್ತಿ’ ಎಂದಳು ಮಾಲಾ. ಫೋನಿನಲ್ಲಿ ತಾನು ಅವಳಿಗೆ ಹೇಳಿಕೊಟ್ಟ ಮಾತೇ ಇದು ಎಂದು ಅಂದ ಮೇಲೆ ಹೊಳೆಯಿತು.

‘ಸಿದ್ದರಾಯ ಹಾಕ್ತಾನ ಅಂತ ನನಗ ಗೊತ್ತಿತ್ತು. ಅವನ ಕೊಟ್ಟಿಗಿ ಹಿಂದ ಯೂರಿಯಾ ಚೀಲ ನೋಡಿದ್ದೆ. ಹೇಳಿದ್ರ ಯಾರ ನಂಬತಿದ್ರು’ ಎಂದಳು ಚಂದ್ರಾಬಾಯಿ. ಆಮೇಲೆ ಕೇಳಿದಳು, ‘ಅವತ್ತ ನನ್ನ ಹಾಲಷ್ಟ ಬ್ಯಾರೆ ನೋಡಾಕ ಬರತಿದ್ದಿಲ್ಲೇನ?’

‘ಬರತಿತ್ತು.’

‘ಎಷ್ಟೊತ್ತು ಹಿಡೀತಿತ್ತು?’

‘ಐದ ನಿಮಿಷ.’

‘ನೋಡ ಅಂತ ಯಾರೂ ಅನ್ನಲಿಲ್ಲ?’

ಸುಳ್ಳು ಹೇಳಬಹುದಿತ್ತು. ‘ಮಲ್ಲಿನಾಥ ಅಂದಿದ್ದ. ನಾನ ಬ್ಯಾಡ ಅಂದೆ’ ಎಂದಳು ಮಾಲಾ.

ಚಂದ್ರಾಬಾಯಿಯ ಕೈ ಮೊರದಲ್ಲಿ ನಿಂತಿತು. ‘ಯಾಕ?’

‘ನೀವು ನಮ್ಮವರು ಅಂತ. ನಮ್ಮವರಿಗಂತ ಎರಡ ಸಲ ನೋಡಿದ್ಲು ಅಂತಾರಂತ.’

ಚಂದ್ರಾಬಾಯಿ ಅವಳ ಮುಖವನ್ನೇ ನೋಡಿದಳು. ಅಳು ಇರಲಿಲ್ಲ, ಬೈಗುಳವೂ ಇರಲಿಲ್ಲ.

‘ಎರಡ ವರ್ಷದ ಹಿಂದ ಒಂದ ತಿಂಗಳು ಆ ಬಾಗಿಲದಾಗ ನಿಂತಿದ್ದೆ. ಅವರು ನನ್ನ ಹಾಲು ನೋಡಲಿಲ್ಲ, ನಾ ಅವರಾಕಿ ಅಲ್ಲಂತ. ನೀ ನೋಡಲಿಲ್ಲ, ನಾ ನಿಮ್ಮಾಕಿ ಅಂತ. ಹಂಗಾದ್ರ ನನ್ನ ಹಾಲು ನೋಡವರು ಯಾರು ಬೇ, ಮಾಲಾ?’

ಚಂದ್ರಾಬಾಯಿ ನಿಜವಾಗಿಯೂ ಉತ್ತರ ಬರುತ್ತದೇನೋ ಎಂಬಂತೆ ಕಾದಳು. ಆಮೇಲೆ ಮೊರ ಎತ್ತಿಕೊಂಡು ಒಳಗೆ ಹೋದಳು.